ಮಾಂಟೆಸ್ಸೊರಿ ಅಂದ್ರೆ ಇದೇನಾ? ಮೂರೂವರೆ ವರ್ಷಕ್ಕೆ ಹೋಮ್‌ವರ್ಕ್!

ಪುಟ್ಟಿಅಮ್ಮ:
ಎಲ್ರಿಗೂ ನಮಸ್ಕಾರ. ಮಗಳಿಗೆ ಮೂರೂವರೆ ವರ್ಷ, ಮಾಂಟೆಸ್ಸೊರಿ ಅಂತ ಬೋರ್ಡ್ ನೋಡಿನೇ ಸೇರಿಸಿದ್ವಿ, ಈಗ ದಿನಾ ಎರಡು ಪೇಜ್ ಬರೆಸಿ ಕಳ್ಸಿ ಅಂತಾರೆ, ನಿನ್ನೆ ರಾತ್ರಿ ಬೆರಳು ನೋಯತ್ತೆ ಅಂತ ಪೆನ್ಸಿಲ್ ಹಿಡ್ಕೊಂಡೇ ಅತ್ತುಬಿಟ್ಲು. ಮಾಂಟೆಸ್ಸೊರಿ ಅನ್ನೋರು ನಿಜವಾಗ್ಲೂ ಹೀಗೆ ಹೇಳಿದ್ರಾ? ಗೊತ್ತಿರೋರು ಹೇಳಿ ಪ್ಲೀಸ್.

ಬಾಲವಾಡಿಟೀಚರ್:
ಖಂಡಿತ ಇಲ್ಲ ಮೇಡಂ. ಮರಿಯಾ ಮಾಂಟೆಸ್ಸೊರಿ ಇಟಲಿಯ ಡಾಕ್ಟರು, 1907ರಲ್ಲಿ ರೋಮ್‌ನ ಸ್ಯಾನ್ ಲೊರೆಂಜೊ ಅನ್ನೋ ಬಡವರ ಏರಿಯಾದಲ್ಲಿ ಮೊದಲ ‘ಮಕ್ಕಳ ಮನೆ’ ಶುರು ಮಾಡಿದ್ರು. ಒಂದು ಪುಟ್ಟ ಹುಡುಗಿ ಮರದ ಸಿಲಿಂಡರ್‌ಗಳನ್ನ ತೆಗೆದು ಅದರದರ ಗುಳಿಗೆ ಕೂರಿಸೋದನ್ನ ನಲವತ್ತಕ್ಕೂ ಹೆಚ್ಚು ಸಲ ಮಾಡಿದ್ದನ್ನ ಅವರೇ ಬರ್ಕೊಂಡಿದಾರೆ, ಸುತ್ತ ಬೇರೆ ಮಕ್ಕಳು ಹಾಡ್ತಿದ್ರೂ ತಲೆ ಎತ್ಲಿಲ್ವಂತೆ. ಬಹುಮಾನಾನೂ ಬೇಡ ಶಿಕ್ಷೆನೂ ಬೇಡ ಅಂದೋರು ಅವರು. ಬರೆಯೋಕೆ ಮುಂಚೆ ಕೈ ಪಳಗ್ಬೇಕು, ಅದಕ್ಕೆ ನಾವು ಸ್ಯಾಂಡ್‌ಪೇಪರಲ್ಲಿ ಕತ್ತರಿಸಿದ ‘ಅ’ ಕೊಡ್ತೀವಿ, ಮಗು ಎರಡು ಬೆರಳಲ್ಲಿ ಮೆಲ್ಲಗೆ ತಿದ್ದುತ್ತೆ, ನಮ್ಮಜ್ಜಂದಿರು ಮರಳಲ್ಲಿ ತಿದ್ತಿದ್ರಲ್ಲ ಹಾಗೆ. 1939ರಲ್ಲಿ ಮದ್ರಾಸಿನ ಅಡಯಾರ್‌ಗೆ ಬಂದೋರು ಯುದ್ಧದಿಂದಾಗಿ 1946ರ ತನಕ ಇಲ್ಲೇ ಉಳ್ಕೊಂಡು ನಮ್ಮ ಟೀಚರ್‌ಗಳಿಗೆ ತಾವೇ ಟ್ರೈನಿಂಗ್ ಕೊಟ್ರು, ಅಂಥವರ ಹೆಸರಲ್ಲಿ ಮಗೂನ ಅಳಿಸೋದು ನೋಡಿದ್ರೆ ಹೊಟ್ಟೆ ಉರಿಯತ್ತೆ.

ಕಥೆಪೆಟ್ಟಿಗೆ:
ಟೀಚರ್ ಹೇಳಿದ್ದು ನಿಜ, ಆದ್ರೆ ಗಿಜುಭಾಯಿ ಬಧೇಕಾ ಅವರನ್ನ ಬಿಡಬೇಡಿ. ಗುಜರಾತಿನೋರು, ವಕೀಲಿಕೆ ಮಾಡ್ತಿದ್ರು, ಮಗ ಹುಟ್ಟಿದ್ಮೇಲೆ ಮಾಂಟೆಸ್ಸೊರಿ ಓದಿ ದಾರಿನೇ ಬದಲಾಯ್ತು, 1920ರಲ್ಲಿ ಭಾವನಗರದಲ್ಲಿ ಬಾಲಮಂದಿರ ಅನ್ನೋ ಪುಟ್ಟ ಮಕ್ಕಳ ಶಾಲೆ ಶುರು ಮಾಡಿದ್ರು. ಜನ ಅವರನ್ನ ‘ಮೀಸೆ ಇರೋ ಅಮ್ಮ’ ಅಂತಿದ್ರು. ಸಣ್ಣ ಮಕ್ಕಳಿಗೆ ಮಾಯಾ ಮಂತ್ರದ ಕಥೆ ಬೇಡ, ಕೈಗೆ ಸಿಗೋ ನಿಜದ ವಸ್ತು ಮುಖ್ಯ ಅನ್ನೋದು ಮಾಂಟೆಸ್ಸೊರಿ ವಾದ, ಗಿಜುಭಾಯಿ ಮಾತ್ರ ಕಥೆ, ಹಾಡು, ನಾಟಕ ಎಲ್ಲಾ ಧಾರಾಳವಾಗಿ ತಂದ್ರು. ಈ ವಿಷ್ಯದಲ್ಲಿ ನಾನು ಗಿಜುಭಾಯಿ ಕಡೆ. ಅಜ್ಜಿ ಕಥೆ ಇಲ್ದೆ ಮಗುಗೆ ಮಾತು ಹೇಗೆ ಬೆಳೆಯತ್ತೆ?

ಹಳೇಮೇಷ್ಟ್ರು:
ಅಮೆರಿಕದ ಶಿಕ್ಷಣ ಚಿಂತಕ ಜಾನ್ ಡ್ಯೂಯಿನೂ ಸೇರಿಸ್ಕೊಳ್ಳಿ. 1896ರಲ್ಲಿ ಶಿಕಾಗೋದಲ್ಲಿ ಅವರು ತೆರೆದ ಶಾಲೇಲಿ ಮಕ್ಕಳು ಅಡುಗೆ, ಹೊಲಿಗೆ, ಮರಗೆಲಸ ಮಾಡ್ತಾನೇ ಪಾಠ ಕಲೀತಿದ್ರು, ಅಡುಗೆಗೆ ಅಳತೆ ಮಾಡೋವಾಗ ಲೆಕ್ಕ ತಾನಾಗೇ ಬರ್ತಿತ್ತು. ನಿಮ್ಮನೆ ಅಡುಗೆಮನೇನೇ ಸಾಕಮ್ಮ ಶುರು ಮಾಡೋಕೆ.

ಪುಟ್ಟಿಅಮ್ಮ:
ತುಂಬಾ ಥ್ಯಾಂಕ್ಸ್ ಎಲ್ರಿಗೂ. ಮೇಷ್ಟ್ರೇ, ಇವತ್ತು ಪುಸ್ತಕ ಎತ್ತಿಟ್ಟು ಎರಡು ಲೋಟ, ಒಂದು ಹಿಡಿ ಹೆಸರುಕಾಳು ಕೊಟ್ಟೆ, ಒಂದರಿಂದ ಒಂದಕ್ಕೆ ಸುರೀತಾ ಅರ್ಧ ಗಂಟೆ ಅಲ್ಲಾಡ್ಲಿಲ್ಲ, ಕೆಳಗೆ ಬಿದ್ದ ಕಾಳನ್ನೂ ಒಂದೊಂದಾಗಿ ತಾನೇ ಹೆಕ್ಕಿದ್ಲು. ಸೋಮವಾರ ಹೋಗಿ ಅವರ ಟೀಚರ್ ಹತ್ರ ಮಾತಾಡ್ತೀನಿ.