ಹಳೇ ತೊಟ್ಟಿಮನೆಯ ಹಿಂದಿನ ಮಾಲೀಕರನ್ನು ದಾಖಲೆಗಳಲ್ಲಿ ಹುಡುಕುವುದು ಹೇಗೆ?

ಪಡಸಾಲೆ:
ನಾಲ್ಕೈದು ತಲೆಮಾರು ಕಂಡ ತೊಟ್ಟಿಮನೆಯೊಂದರ ಮಾಲೀಕರ ಪಟ್ಟಿ ಮಾಡಬೇಕಿದೆ. ಆನ್‌ಲೈನ್ ಇ.ಸಿ. (ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪ್ರಮಾಣಪತ್ರ) 2004ರ ಏಪ್ರಿಲ್‌ಗಿಂತ ಹಿಂದಕ್ಕೆ ಸಿಗುತ್ತಿಲ್ಲ. ಹಳೇ ಕ್ರಯಪತ್ರದಲ್ಲಿ ಮನೆ ನಂಬರ್ ಇಲ್ಲ, ತಾರೀಖಿನ ಜಾಗದಲ್ಲಿ ‘ರಕ್ತಾಕ್ಷಿ ಸಂವತ್ಸರ’ ಎಂದಷ್ಟೇ ಇದೆ. ಖಾತೆ ಹಿರಿಯಣ್ಣನೊಬ್ಬನ ಹೆಸರಿನಲ್ಲಿದೆ.

ಮೂಲಪತ್ರ:
ಈಗಿನ ಪತ್ರದಿಂದ ಹಿಂದಕ್ಕೆ ಹೋಗಿ. 1-4-2004ಕ್ಕಿಂತ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಅಲ್ಲಿ ಸೂಚಿ 1 ಹೆಸರಿನ ಪ್ರಕಾರ, ಸೂಚಿ 2 ಆಸ್ತಿಯ ಪ್ರಕಾರ ಇರುತ್ತದೆ. ನಂಬರ್ ಇಲ್ಲದ ಮನೆಗೆ ಸೂಚಿ 1 ಹಿಡಿಯಿರಿ. ಕೊಟ್ಟವರು, ಕೊಂಡವರು ಇಬ್ಬರ ಹೆಸರಿನಲ್ಲೂ ನೋಡಿ. ನೋಂದಣಿ ಕಾಯ್ದೆಯ 57ನೇ ಕಲಂ ಪ್ರಕಾರ ಶುಲ್ಕ ಕಟ್ಟಿದ ಯಾರಿಗಾದರೂ ಇವನ್ನು ನೋಡುವ ಹಕ್ಕಿದೆ.

ರಕ್ತಾಕ್ಷಿ ಎಂದರೆ 1864-65, 1924-25 ಅಥವಾ 1984-85. ಅರವತ್ತು ವರ್ಷಕ್ಕೊಮ್ಮೆ ಅದೇ ಹೆಸರು ಬರುವುದರಿಂದ ಒಂದು ತಲೆಮಾರೇ ತಪ್ಪಿಹೋಗಬಹುದು. ಛಾಪಾ ಕಾಗದದ ಮೇಲಿನ ಮುದ್ರೆ, ಪತ್ರದೊಳಗಿನ ಶಕವರ್ಷ ನೋಡಿ. ಶಕಕ್ಕೆ 78 ಕೂಡಿಸಿ, ಜನವರಿಯಿಂದ ಯುಗಾದಿವರೆಗಿನ ತಿಥಿಯಾದರೆ 79.

ಚೆಕ್ಕುಬಂದಿ:
ನಂಬರ್ ಬದಲಾಗುತ್ತದೆ, ಬೀದಿಯ ಹೆಸರೂ ಬದಲಾಗುತ್ತದೆ. ನಂಬಬೇಕಾದ್ದು ಚೆಕ್ಕುಬಂದಿಯನ್ನೇ, ಅಂದರೆ ಪತ್ರದಲ್ಲಿ ಬರೆದ ನಾಲ್ಕು ದಿಕ್ಕಿನ ಗಡಿಗಳನ್ನೇ. ‘ಪೂರ್ವಕ್ಕೆ ರಾಜಬೀದಿ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಇಂಥವರ ಮನೆ’ ಎಂದಿದ್ದರೆ ಆ ಪಕ್ಕದ ಮನೆಯ ಪತ್ರವನ್ನೂ ತೆಗೆಸಿ. ಅದರ ದಕ್ಷಿಣದ ಗಡಿಯಲ್ಲಿ ನಿಮ್ಮ ಮನೆಯ ಆಗಿನ ಮಾಲೀಕರ ಹೆಸರು ಇರುತ್ತದೆ! ನಿಮ್ಮ ಪತ್ರ ಕಳೆದುಹೋಗಿದ್ದರೂ ಈ ದಾರಿ ತೆರೆದೇ ಇರುತ್ತದೆ. ಅಳತೆಯಲ್ಲಿ ಮೊಳವಿದ್ದರೆ ಸಾಮಾನ್ಯವಾಗಿ ಒಂದೂವರೆ ಅಡಿ. ‘ಏಳಂಕಣದ ಮನೆ’ ಎಂದಿದ್ದರೆ ಅಡಿಗೆ ಇಳಿಸಲು ಹೋಗಬೇಡಿ, ಅಂಕಣವೆಂದರೆ ಎರಡು ಕಂಬಗಳ ನಡುವಿನ ಜಾಗ, ಆ ಅಂತರ ಮನೆಯಿಂದ ಮನೆಗೆ ಬೇರೆ.

ವಿಭಾಗಪತ್ರ:
ಇ.ಸಿ. ಖಾಲಿ ಬಂದರೆ ಮನೆ ಕೈ ಬದಲಾಗಿಲ್ಲ ಎಂದು ಬರೆದುಬಿಡಬೇಡಿ. ತಂದೆ ತೀರಿಕೊಂಡು ಮಕ್ಕಳಿಗೆ ಬಂದದ್ದು, ಬಾಯಿಮಾತಿನ ಪಾಲು, 100 ರೂಪಾಯಿಗಿಂತ ಕಡಿಮೆ ಬೆಲೆಯ ಹಳೇ ಕ್ರಯ, ಇವು ಯಾವುವೂ ಅದರಲ್ಲಿ ಬಾರದೆ ಇರಬಹುದು. ನೋಂದಾಯಿತ ಉಯಿಲು ನೋಂದಣಿ ಕಚೇರಿಯ ಪುಸ್ತಕ 3ರಲ್ಲಿರುತ್ತದೆ. ಬರೆದವರು ತೀರಿಕೊಂಡ ಮೇಲಷ್ಟೇ ಬೇರೆಯವರಿಗೆ ನಕಲು ಕೊಡುತ್ತಾರೆ, ಮರಣ ಪ್ರಮಾಣಪತ್ರ ಜೊತೆಗಿರಲಿ.

ಭೋಗ್ಯಪತ್ರದ (ಸಾಲಕ್ಕೆ ಮನೆಯನ್ನು ಒತ್ತೆಯಿಟ್ಟು ಅನುಭವಕ್ಕೆ ಬಿಟ್ಟ ಪತ್ರದ) ಬಗ್ಗೆ ವಿಶೇಷ ಎಚ್ಚರ ಬೇಕು. ಸಾಲ ಕೊಟ್ಟವರು ಮನೆಯಲ್ಲಿ ಹತ್ತಾರು ವರ್ಷ ವಾಸವಿದ್ದು ಕಂದಾಯವನ್ನೂ ಕಟ್ಟಿರುತ್ತಾರೆ, ಆದರೂ ಅವರು ಮಾಲೀಕರಲ್ಲ. ಖಾತೆಯೂ ಹಾಗೆಯೇ, ಕಂದಾಯ ಯಾರಿಂದ ವಸೂಲಿ ಮಾಡಬೇಕೆಂಬುದಕ್ಕೆ ಇರುವ ದಾಖಲೆ. ವಿಭಾಗಪತ್ರವೋ ಹಕ್ಕುಬಿಡುಗಡೆ ಪತ್ರವೋ ಸಿಗುವವರೆಗೆ ಆ ತಲೆಮಾರಿನಲ್ಲಿ ಹಿರಿಯಣ್ಣನೊಬ್ಬನನ್ನೇ ಬರೆಯದೆ ಎಲ್ಲ ವಾರಸುದಾರರನ್ನೂ ಸೇರಿಸಿ.