ಸಹಾಯ ಬೇಕು: ಕೂಲಿಂಗ್ ಗ್ಯಾಸ್ ಕೆಲಸಕ್ಕೆ ಸರ್ಟಿಫಿಕೇಟ್

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ 12 ವರ್ಷದಿಂದ ಕೋಲ್ಡ್ ರೂಮ್, ಹಾಲಿನ ಕೂಲರ್ ರಿಪೇರಿ ಮಾಡುತ್ತಿದ್ದೇನೆ. ಕಲಿತದ್ದು ಅಂಗಡಿಯಲ್ಲೇ, ಐಟಿಐ ಮಾಡಿಲ್ಲ. ಈಗ ಒಂದು ವಾರ್ಷಿಕ ಗುತ್ತಿಗೆಗೆ ಸರ್ಟಿಫಿಕೇಟ್ ಕೇಳಿದ್ದಾರೆ.

ಕೇಳಿದ್ದು ಸರಿಯೇ. ಹಳೆ ಕೂಲಿಂಗ್ ಗ್ಯಾಸ್ ಆರ್-22 ಓಝೋನ್ ಪದರಕ್ಕೆ ಹಾನಿ ಮಾಡುತ್ತದೆ. ಹೊಸ ಆರ್-290 ಅಂದ್ರೆ ಪ್ರೊಪೇನ್, ಕಿಡಿ ತಾಗಿದರೆ ಹೊತ್ತಿಕೊಳ್ಳುತ್ತದೆ. ಹೋದ ಮಳೆಗಾಲದಲ್ಲಿ ಹಳೆ ಕೂಲರಿನ ಪೈಪ್ ಬಿಚ್ಚುವಾಗ ಗ್ಯಾಸ್ ಬುಸ್ ಅಂತ ನುಗ್ಗಿತು. ಬೆರಳ ತುದಿ ಬೆಳ್ಳಗಾಗಿ ಮರಗಟ್ಟಿತು. ಸಿಲಿಂಡರಿಗೆ ಎಳೆದುಕೊಳ್ಳುವ ರಿಕವರಿ ಮೆಷಿನ್ ನನ್ನ ಹತ್ತಿರ ಇರಲಿಲ್ಲ, ಅಷ್ಟೂ ಸುಮ್ನೆ ಗಾಳಿಗೆ ಹೋಯಿತು. ಇವತ್ತಿಗೂ ಬೇಜಾರಿದೆ.

ಕೆಲಸ ಗೊತ್ತಿರುವವರಿಗೆ ಪರೀಕ್ಷೆ ಮಾಡಿ ಸರ್ಟಿಫಿಕೇಟ್ ಕೊಡುವ ಆರ್‌ಪಿಎಲ್ ವ್ಯವಸ್ಥೆ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಇದೆಯಲ್ವಾ? ಶಿವಮೊಗ್ಗ, ಭದ್ರಾವತಿ ಕಡೆ ಯಾರಾದರೂ ಮಾಡಿಸಿದ್ದೀರಾ? ಎಲ್ಲಿ, ಎಷ್ಟು ದಿನ, ಯಾವ ದಾಖಲೆ ಬೇಕು ಅಂತ ದಯವಿಟ್ಟು ತಿಳಿಸಿ. ನನ್ನ ಇಬ್ಬರು ಹುಡುಗರಿಗೂ ಮಾಡಿಸಬೇಕು.