ಅಪ್‌ಡೇಟ್: ಅಜ್ಜನ ಸಾಗವಾನಿ ಮೇಜಿನ ಪಾಲಿಶ್ ಮುಗಿಯಿತು

ಧಾರವಾಡದ ಮಾಳಮಡ್ಡಿಯ ನಮ್ಮ ಮನೆಯಲ್ಲಿರುವ ಅಜ್ಜನ ಸಾಗವಾನಿ ಮೇಜಿನ ಮೇಲೆ ಚಹಾ ಲೋಟದ ಬಿಳಿ ಉಂಗುರಗಳು ಮೂಡಿವೆ, ಇಡೀ ಪಾಲಿಶನ್ನು ಮಷೀನಿನಿಂದ ಉಜ್ಜಿ ತೆಗೆಯಬೇಕೇ ಎಂದು ನಾನು ಮಳೆಗಾಲದಲ್ಲಿ ಕೇಳಿದ್ದೆ. ಮೊದಲು ಹಳೆಯ ಪಾಲಿಶ್ ಯಾವುದೆಂದು ತಿಳಿದುಕೊಳ್ಳಿ ಎಂದು ಹಲವರು ಹೇಳಿದ್ದಿರಿ. ಆ ಸಲಹೆಯೇ ಮೇಜನ್ನು ಉಳಿಸಿತು.

ಮೇಜಿನ ಕೆಳಬದಿಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಒತ್ತಿ ಹಿಡಿದಾಗ, ಸ್ವಲ್ಪ ಹೊತ್ತಿನಲ್ಲೇ ಹತ್ತಿ ಜಿಗುಟಾಗಿ ಕಾಕಂಬಿ ಬಣ್ಣಕ್ಕೆ ತಿರುಗಿತು. ಅದು ಅರಗಿನ ಪಾಲಿಶ್ ಎಂಬುದು ಖಚಿತವಾಯಿತು. ಆದ್ದರಿಂದ ಮಷೀನನ್ನು ಮುಟ್ಟದೆ, ಸ್ಪಿರಿಟ್‌ನಿಂದಲೇ ಹಳೆಯ ಪದರವನ್ನು ಕರಗಿಸಿ ಒರೆಸಿ, 180 ಮತ್ತು 220 ನಂಬರಿನ ಸ್ಯಾಂಡ್ ಪೇಪರಿನಿಂದ ಎಳೆಯ ಗುಂಟ ಹಗುರವಾಗಿ ಉಜ್ಜಿದೆ. ಅಂಚಿನಲ್ಲಿ ಅಜ್ಜನ ಮೊಣಕೈ ತಾಗಿ ಸವೆದ ತಗ್ಗನ್ನು ಮಾತ್ರ ಹಾಗೆಯೇ ಬಿಟ್ಟಿದ್ದೇನೆ. ಅದನ್ನು ಸಮ ಮಾಡಲು ನನಗೆ ಮನಸ್ಸು ಬರಲಿಲ್ಲ.

ಅರಗಿನ ಪಾಲಿಶ್ ತೇವದ ಹವೆಯಲ್ಲಿ ಬಿಳಿಚಿಕೊಳ್ಳುವುದರಿಂದ, ಇಲ್ಲಿಯ ಜಿಟಿಜಿಟಿ ಮಳೆ ನಿಂತು ದೀಪಾವಳಿ ಕಳೆಯುವವರೆಗೆ ಕಾದೆ. ಬಳಿಕ ಅಂಗಡಿಯವರು ಚಪಡಾ ಎನ್ನುವ ಅರಗಿನ ಚಕ್ಕೆಗಳನ್ನು, ಲೀಟರಿಗೆ 150 ಗ್ರಾಮಿನ ಪ್ರಮಾಣದಲ್ಲಿ, ರಾತ್ರಿಯಿಡೀ ಸ್ಪಿರಿಟ್‌ನಲ್ಲಿ ನೆನೆಸಿ, ಸೋಸಿ, ಹಳೆಯ ಧೋತರದ ತುಂಡಿನಲ್ಲಿ ಹತ್ತಿ ಸುತ್ತಿದ ಗಂಟಿನಿಂದ ತೆಳುವಾಗಿ ಎಂಟು ಸಲ ಹಚ್ಚಿದೆ. ಮೂರನೆಯ ಸಲ ಅವಸರದಿಂದ ಒಂದೇ ಜಾಗಕ್ಕೆ ಮತ್ತೆ ಕೈಯಾಡಿಸಿದ್ದರಿಂದ ಕೆಳಗಿನ ಪದರವೇ ಕಿತ್ತು ಬಂತು. ಪೂರ್ತಿ ಒಣಗಿದ ಮೇಲೆ 320ರ ಪೇಪರಿನಿಂದ ಸರಿಪಡಿಸಬೇಕಾಯಿತು. ಕೆಲಸದುದ್ದಕ್ಕೂ ಕಿಟಕಿಗಳನ್ನು ತೆರೆದಿಟ್ಟು, ಬೆಂಕಿಯನ್ನು ದೂರವಿಟ್ಟಿದ್ದೆ.

ಬಿಸಿ ಲೋಟವನ್ನು ಈ ಪಾಲಿಶ್ ಈಗಲೂ ತಾಳುವುದಿಲ್ಲ. ಹಾಗಾಗಿ ಮೇಜಿನ ಮೇಲೆ ಅವ್ವ ಹೆಣೆದ ನೂಲಿನ ಹಾಸು ಬಂದಿದೆ.